ಬಾಡಿ ಗಲ್ಲಿಯ ಹನ್ನೊಂದು ಹೆಸರು

ಶ್ರಾವಣದ ಎರಡನೆಯ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸ್ಥಳ, ಹುಮನಾಬಾದಿನ ಹೆದ್ದಾರಿ ಪಕ್ಕದ ಗುಜರಿ ಅಂಗಳ. ಅಲ್ಲಿ ಇದ್ದವರು ಮೂವರು: ನಾನು, ಗುಜರಿಯ ಖಾಜಾ ಸಾಬ, ಮಾಣಿಕನಗರದಿಂದ ನನ್ನನ್ನು ಕರೆತಂದ ಆಟೋದ ಬಸಣ್ಣ. ರಾತ್ರಿ ಮಳೆಯಾಗಿತ್ತು. ಅಂಗಳದ ಕೆಂಪು ಮುರಂ ಚಪ್ಪಲಿಗೆ ಅಂಟುತ್ತಿತ್ತು.

ನಾನು ಹೋದದ್ದು ಒಂದು ಹಲಗೆಗಾಗಿ. ಗೋಡೆಗೆ ಬಡಿದು ಪುಸ್ತಕ ಇಡಬೇಕಿತ್ತು. ನಾಲ್ಕು ಅಡಿ ಉದ್ದ, ಒಂಬತ್ತು ಇಂಚು ಅಗಲ ಎಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಶಾಲೆಯ ನೌಕರಿ ಮುಗಿದು ಇಷ್ಟು ವರ್ಷವಾದರೂ ಚೀಟಿ ಇಲ್ಲದೆ ನಾನು ಮನೆಯಿಂದ ಹೊರಬೀಳುವುದಿಲ್ಲ.

"ಲಾರಿ ಒಡದಿದ್ದು ಹಲಗಿ ಅವ ಟೀಚರಮ್ಮಾ. ಅಸಲಿ ಸಾಗವಾನಿ. ಇಂಥಾ ಮಾಲು ಈಗ ಹುಡುಕಿದ್ರೂ ಸಿಗಲ್ಲ," ಎಂದ ಖಾಜಾ ಸಾಬ.

"ಲಾರಿ ಒಡದು ಮನಿ ಕಟ್ಟಾಕತ್ತೀರೇನ್ರಿ ಮೇಡಂ? ಹಾರ್ನೂ ಹಾಕಿಸ್ರಿ ಮತ್ತ," ಎಂದು ಬಸಣ್ಣ ನಕ್ಕ.

ಖಾಜಾ ಸಾಬ ಒಂದು ಉದ್ದನೆಯ ಹಲಗೆ ಎಳೆದು ಅದರ ಅಂಚಿಗೆ ಉಜ್ಜುಗೊರಡು ಹಾಕಿದ. ಎರಡು ಸಲ ಎಳೆದಿರಬೇಕು. ಅಗಸೆ ಎಣ್ಣೆಯ ವಾಸನೆ ಎದ್ದಿತು. ಹಳೆಯದು, ತುಸು ಕಮಟು, ಕೆಂಪು ಬಣ್ಣದ ಪುಡಿ ಬೆರೆತದ್ದು. ಕಣ್ಣು ಇನ್ನೂ ಏನನ್ನೂ ನೋಡಿರಲಿಲ್ಲ. ನನ್ನ ಕೈಯಲ್ಲಿದ್ದ ಚೀಟಿ ಮಾತ್ರ ಮುದುಡಿತ್ತು.

"ಯಾವ ಲಾರಿದು ಇದು?"

"ಕಬ್ಬಿಂದ್ರಿ. ಬಾಡಿ ಮಾತ್ರ ಕಲ್ಯಾಣ ಕ್ರಾಸಿಂದು. ಆ ಬಾಡಿ ಗಲ್ಲಿ ಇತ್ತಲ್ರಿ, ಅಲ್ಲಿ ಕಟ್ಟಿದ್ದು. ನೋಡ್ರಿ ಕೆಲಸ, ಒಂದು ಮೊಳಿನೂ ಸಡಿಲ ಇಲ್ಲ." ಹೀಗೆ ಹೇಳುತ್ತ ಆತ ಹಲಗೆ ಮಗುಚಿದ.

ಒಳಬದಿಗೆ ಬಿಳಿ ಎಣ್ಣೆ ಬಣ್ಣದಲ್ಲಿ ಬರಹವಿತ್ತು. ಒಂದು ತುದಿಗೆ ದೊಡ್ಡವರ ಹೆಸರುಗಳು, ಇನ್ನೊಂದು ತುದಿಗೆ ಬೇರೆ ಕೈಯ ಒಂದು ಪಟ್ಟಿ. ಮೇಲೆ ಎಡಕ್ಕೆ ತಾರೀಖು, ಬಲಕ್ಕೆ ವಾರ. ಅದರ ಕೆಳಗೆ ಶಾಲೆಯ ಹೆಸರು. ನಡುವೆ ಗೆರೆ ಎಳೆದು ಒಂದರ ಕೆಳಗೊಂದು ಹನ್ನೊಂದು ಹೆಸರು, ಪ್ರತಿ ಹೆಸರಿನ ಮುಂದೆ ಇಯತ್ತೆ. ಕಡೆಯ ಸಾಲು: ಹಾಜರು ೧೧. ಗೈರು ಇಲ್ಲ.

ಅದು ಸಂತೋಷಿಯ ಕೈಬರಹ. ಅಕ್ಷರದ ತಲೆಕಟ್ಟು ಅಷ್ಟು ನೇರವಾಗಿ ಎಳೆಯುವುದನ್ನು ಅವಳಿಗೆ ಕಲಿಸಿದವಳು ನಾನು. ಆ ತಾರೀಖು, ಡಿಸೆಂಬರ್ ಹದಿಮೂರು, ಗುರುವಾರ, ನನಗೆ ಬಾಯಿಪಾಠವಿದೆ. ಆ ದಿನ ಹನ್ನೊಂದು ಗಂಟೆಗೆ ನಾನು ಆ ಹನ್ನೊಂದು ಹೆಸರುಗಳನ್ನು ಶಾಲೆಯ ಪುಸ್ತಕದಿಂದ ಹೊಡೆದು ಹಾಕಿದ್ದೆ.

"ಉಜ್ಜಿ ತೆಗಿಲೇನ್ರಿ ಬಣ್ಣ? ಎರಡು ನಿಮಿಷದ ಕೆಲಸ."

"ಬೇಡ. ಕತ್ತರಿಸಲೂಬೇಡ. ಪೂರಾ ಹಲಗೆ ಆಟೋದಲ್ಲಿ ಇಡು."

ಬಸವಕಲ್ಯಾಣದ ಕ್ರಾಸಿನ ಸರಕಾರಿ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿಯಾಗಿ ಬಂದಾಗ ಬಾಡಿ ಗಲ್ಲಿ ತುಂಬಿ ತುಳುಕುತ್ತಿತ್ತು. ಶಾಲೆಯ ಕಂಪೌಂಡಿಗೂ ಗಲ್ಲಿಯ ಮೊದಲ ತಗಡಿನ ಶೆಡ್ಡಿಗೂ ಇನ್ನೂರು ಹೆಜ್ಜೆ. ಹೊಸ ಲಾರಿ ಎಂದರೆ ಆಗ ಬರೀ ಎಂಜಿನ್ನು, ಗಾಲಿ, ಸ್ಟೇರಿಂಗು. ಡ್ರೈವರು ಒಂದು ಕಟ್ಟಿಗೆ ಪೆಟ್ಟಿಗೆಯ ಮೇಲೆ ಕುಳಿತು, ಮುಖಕ್ಕೆ ರುಮಾಲು ಸುತ್ತಿಕೊಂಡು, ದೂರದೂರದಿಂದ ಆ ಅಸ್ಥಿಪಂಜರವನ್ನು ಓಡಿಸಿಕೊಂಡು ಬರುತ್ತಿದ್ದ. ತಿಂಗಳ ಮೇಲೆ ಅದೇ ಗಾಡಿ ಮೈತುಂಬ ಹಲಗೆ ಹೊದ್ದು, ಕ್ಯಾಬಿನ್ನಿನ ನೆತ್ತಿಯ ಮೇಲೆ ಎರಡು ನವಿಲು ಬರೆಸಿಕೊಂಡು ಹೊರಡುತ್ತಿತ್ತು.

ಕಟ್ಟುವವರು ರಾಜಸ್ಥಾನದ ಬಡಗಿಗಳು. ಅವರ ಪೈಕಿ ಮೊದಲಿಗ, ಆಗ ಗಲ್ಲಿಯಲ್ಲಿ ಕೆಲಸ ಮಾಡುತ್ತಿದ್ದ ಭವರ್‌ಲಾಲ್ ಮಿಸ್ತ್ರಿಯ ತಂದೆ. ಆತ ಕುಳಿತು ಬಂದ ಲಾರಿ ಈ ಕ್ರಾಸಿನಲ್ಲಿ ಕೆಟ್ಟು ನಿಂತಿತ್ತಂತೆ. ರಿಪೇರಿಯಾಗುವವರೆಗೆ ಸುಮ್ಮನೆ ಕೂರಲಾರದೆ ಪಕ್ಕದ ಗಾಡಿಯ ಮುರಿದ ಹಲಗೆ ಕೂಡಿಸಿಕೊಟ್ಟ. ಅದನ್ನು ನೋಡಿ ಇನ್ನೊಬ್ಬ ಡ್ರೈವರ್ ಬಂದ, ಮತ್ತೊಬ್ಬ ಬಂದ. ಆತ ತಿರುಗಿ ಹೋಗಲೇ ಇಲ್ಲ. ತಮ್ಮನನ್ನು ಕರೆಸಿದ, ಭಾವನನ್ನು ಕರೆಸಿದ, ಊರಿನ ಅರ್ಧ ಬಡಗಿಗಳನ್ನು ಕರೆಸಿದ. ನಾನು ನೋಡುವ ಹೊತ್ತಿಗೆ ರಸ್ತೆಯ ಉದ್ದಕ್ಕೂ ಶೆಡ್ಡುಗಳು. ಚಹಾದಂಗಡಿ, ಬಣ್ಣದವರು, ಕಮ್ಮಾರರು ಎಲ್ಲ ಅವರ ಸುತ್ತ ಬೆಳೆದಿದ್ದರು. ಹುಡಗಿ ಎಂಬ ಊರಿನ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ ತಂದು ಮಾರುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆಗೆ ನಿಂತರೆ ನಮ್ಮ ಹಾಡಿಗೆ ಅವರ ಸುತ್ತಿಗೆಯೇ ತಾಳ.

ಅವರಲ್ಲಿ ಒಂದು ಪದ್ಧತಿ ಇತ್ತು. ಗಾಡಿಯ ತಳದ ಕೊನೆಯ ಹಲಗೆಯನ್ನು ಮಿಸ್ತ್ರಿ ಒಬ್ಬನೇ ಬಡಿಯುವಂತಿಲ್ಲ. ಆ ಗಾಡಿಗೆ ಕೈ ಹಚ್ಚಿದವರೆಲ್ಲ ಹೆಂಡತಿ ಮಕ್ಕಳ ಸಮೇತ ಸೇರಬೇಕು. ಹಲಗೆಯ ಒಳಬದಿಗೆ ಎಲ್ಲರ ಹೆಸರು ಬರೆದು, ಬರಹ ಕೆಳಮುಖವಾಗಿ ಬರುವಂತೆ ಬಡಿಯಬೇಕು. ಗಾಡಿಯ ಮಾಲೀಕನಿಗೂ ಅದನ್ನು ಹೇಳುವುದಿಲ್ಲ. ಆಮೇಲೆ ಎಲ್ಲರೂ ಆ ಖಾಲಿ ಗಾಡಿ ಹತ್ತಿ ಮಾಣಿಕನಗರದ ಗುಡಿಗೆ ಹೋಗಿ, ಕಾಯಿ ಒಡೆದು, ಒಂದು ಸುತ್ತು ಹಾಕಿ ಸಂಜೆಗೆ ಮರಳುವುದು. ಮರುದಿನ ಗಾಡಿ ಮಾಲೀಕನ ಪಾಲು.

ಅಂಥ ದಿನ ನನ್ನ ತರಗತಿಗಳು ಬರಿದು. ನಾನು ಶಿಸ್ತಿನವಳು. ರಜೆ ಬೇಕಾದರೆ ಚೀಟಿ ಬೇಕು, ಚೀಟಿಗೆ ತಾರೀಖು ಬೇಕು, ಕಾರಣ ಬೇಕು. 'ನಮ್ಮ ಮನೆಯಲ್ಲಿ ಕೊನೆಯ ಹಲಗೆ ಇರುವುದರಿಂದ' ಎಂದು ಮಕ್ಕಳು ಬರೆದು ತರುತ್ತಿದ್ದರು. ಅದು ಕಾರಣವಲ್ಲ ಎಂದು ತಿರುಗಿ ಕೊಡುತ್ತಿದ್ದೆ.

"ಮತ್ತೇನಂತ ಬರೀಲ್ರಿ ಮೇಡಂ? ಹೊಟ್ಟಿ ನೋವು ಅಂತ ಬರೀಲ್ಯಾ?" ಎಂದು ಸಂತೋಷಿ ಒಮ್ಮೆ ಕೇಳಿದ್ದಳು. ಭವರ್‌ಲಾಲ್‌ನ ಮಗಳು, ಆಗ ಮೂರನೆಯ ಇಯತ್ತೆ.

"ಸುಳ್ಳು ಬರೆಯಬೇಡ," ಎಂದಿದ್ದೆ. ಹೌದು, ನಾನೇ ಹಾಗೆ ಹೇಳಿದ್ದೆ.

ಅವಳ ಅಕ್ಷರ ನೋಡಿ ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ತಾರೀಖು, ವಾರ, ಹಾಜರು, ಗೈರು ಬರೆಯುವ ಕೆಲಸ ಅವಳಿಗೆ ಕೊಟ್ಟೆ. ತಾರೀಖಿಲ್ಲದ ಬರಹಕ್ಕೆ ಬೆಲೆ ಇಲ್ಲ ಎಂದು ವರ್ಷಪೂರ್ತಿ ತಲೆಗೆ ತುಂಬಿದೆ.

ಆಮೇಲೆ ಕಂಪನಿಗಳೇ ಕಬ್ಬಿಣದ ಬಾಡಿ ಕೂಡಿಸಿ ಲಾರಿ ಕಳಿಸತೊಡಗಿದವು. ಅಸ್ಥಿಪಂಜರಗಳು ಬರುವುದು ಕಡಿಮೆಯಾಯಿತು. ಒಂದು ದೀಪಾವಳಿಗೆ ಊರಿಗೆ ಹೋದ ನಾಲ್ಕು ಮನೆಯವರು ತಿರುಗಿ ಬರಲಿಲ್ಲ. ಮುಂದಿನ ವರ್ಷ ಇನ್ನಷ್ಟು. ಬಣ್ಣದವರು ಹುಮನಾಬಾದಿಗೆ ಹೋಗಿ ಗೋಡೆಗೆ ಬಣ್ಣ ಬಳಿಯತೊಡಗಿದರು. ರೊಟ್ಟಿಯ ಬುಟ್ಟಿಗಳು ನಿಂತವು. ನನ್ನ ನಿವೃತ್ತಿಗೆ ಒಂದು ವರ್ಷ ಉಳಿದಾಗ ಗಲ್ಲಿಯಲ್ಲಿ ಇದ್ದದ್ದು ಆರು ಮನೆ, ಹನ್ನೊಂದು ಮಕ್ಕಳು.

ನಾನು ಬರೆಯಹೊರಟದ್ದು ಆ ಒಂದು ವರ್ಷದ ಮಾತು.

ಆ ವರ್ಷ ಕಾರ್ತಿಕದಲ್ಲೇ ಚಳಿ ಬಿಗಿಯಾಗಿತ್ತು. ತೊಗರಿ ಹೂ ಬಿಟ್ಟಿತ್ತು. ಕಬ್ಬು ಅರೆಯುವ ಕಾರ್ಖಾನೆ ತಡವಾಗಿ ಶುರುವಾಗುವುದಿತ್ತು. ಅಷ್ಟರಲ್ಲಿ ಗಲ್ಲಿಗೆ ಒಂದು ಕೆಲಸ ಬಂತು: ಕಬ್ಬು ಸಾಗಿಸುವ ಆರು ಹಳೆಯ ಲಾರಿಗಳಿಗೆ ಹೊಸ ಮರದ ಬಾಡಿ, ಮೂರೇ ವಾರದ ಗಡುವು. ಎರಡು ವರ್ಷದಿಂದ ಅಂಥ ಕೆಲಸ ಬಂದಿರಲಿಲ್ಲ. ಆರೂ ಮನೆಯವರು, ಹೆಂಗಸರು ಮಕ್ಕಳೆಲ್ಲ, ಇಳಿದರು. ಮಕ್ಕಳದು ಹಲಗೆಗೆ ಎಣ್ಣೆ ತಿಕ್ಕುವ ಕೆಲಸ.

ಎರಡನೆಯ ದಿನ ಸಂತೋಷಿ ಚೀಟಿ ತಂದಳು. ಒಂದೇ ಹಾಳೆ, ಹನ್ನೊಂದು ಹೆಸರು, ಕೆಳಗೆ ತಂದೆಯ ಸಹಿ. ಅಂಗೈಯೆಲ್ಲ ಎಣ್ಣೆ. ಹಾಳೆಯ ಮೂಲೆಯೂ ಎಣ್ಣೆಯಾಗಿತ್ತು.

"ಒಂದೇ ಚೀಟಿಯಲ್ಲಿ ಹನ್ನೊಂದು ಜನರ ರಜೆ ನಡೆಯುವುದಿಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಬರೆದು ತರಬೇಕು," ಎಂದೆ.

"ಎಲ್ಲಾರೂ ಒಂದೇ ಕೆಲಸಕ್ಕ ಹತ್ಯಾರಲ್ರಿ ಮೇಡಂ, ಒಂದೇ ಚೀಟಿ ಸಾಕಂದ್ರು ನಮ್ಮ ಬಾಪು."

"ಸಾಲುವುದಿಲ್ಲ."

ಚೀಟಿ ಹಿಡಿದುಕೊಂಡು ಹೋದಳು. ಮತ್ತೆ ಬರಲಿಲ್ಲ. ಮಕ್ಕಳನ್ನು ಕೆಲಸಕ್ಕೆ ಹಚ್ಚಿದ್ದು ತಪ್ಪು. ಹಾಗೆಂದು ಗಲ್ಲಿಗೆ ಹೋಗಿ ಹೇಳುವುದು ನನ್ನ ಕರ್ತವ್ಯವಾಗಿತ್ತು. ಹೋಗಲಿಲ್ಲ.

ಡಿಸೆಂಬರ್ ಹದಿನಾಲ್ಕಕ್ಕೆ ಮೇಲಧಿಕಾರಿಗಳ ತಪಾಸಣೆ ಇತ್ತು. ನನ್ನ ಕೊನೆಯ ತಪಾಸಣೆ. ಹನ್ನೊಂದು ಮಕ್ಕಳ ಗೈರುಹಾಜರಿ ಹಾಜರಿಯ ಸರಾಸರಿಯನ್ನು ಹಾಳುಮಾಡುತ್ತಿತ್ತು. ಹೆಸರು ತೆಗೆದರೆ ಸರಾಸರಿ ಸರಿಹೋಗುತ್ತದೆ. ಹೆಸರು ತೆಗೆಯಲು ನಮ್ಮಲ್ಲಿ ಕ್ರಮವಿತ್ತು: ಸತತ ಹತ್ತು ದಿನದ ಗೈರು, ಅಷ್ಟರಲ್ಲಿ ಮೂರು ಸಲ ಮನೆ ಭೇಟಿ, ಭೇಟಿಯ ಷರಾ.

ನಾನು ಒಂದು ಸಲವೂ ಹೋಗಲಿಲ್ಲ. ಹದಿಮೂರನೆಯ ತಾರೀಖು ಕುಳಿತ ಜಾಗದಲ್ಲೇ ಮೂರು ಬೇರೆ ಬೇರೆ ದಿನಾಂಕ ಹಾಕಿ ಬರೆದೆ: 'ಮನೆ ಭೇಟಿ ಮಾಡಲಾಯಿತು. ಬೀಗ ಹಾಕಿದೆ. ಕುಟುಂಬ ಸ್ವಂತ ಊರಿಗೆ ಮರಳಿದೆ.' ಹನ್ನೊಂದು ಸಲ ಬರೆದೆ. ಸಾಲುಗಳು ಓರೆಯಾಗದಂತೆ ಅಳತೆಪಟ್ಟಿ ಇಟ್ಟುಕೊಂಡಿದ್ದೆ.

ಬಿಸಿಯೂಟದ ಶಿವಮ್ಮ ಅಕ್ಕಿಯ ಲೆಕ್ಕ ಕೇಳಲು ಒಳಗೆ ಬಂದವಳು ನನ್ನ ಪುಸ್ತಕದ ಕಡೆ ನೋಡಿದಳು. ಅವಳಿಗೆ ಓದು ಬರುತ್ತಿತ್ತು.

"ಅವರು ಎಲ್ಲೂ ಹೋಗಿಲ್ರಿ ಮೇಡಂ. ಇಲ್ಲೇ ಅದಾರ. ಸಪ್ಪಳ ಕೇಳ್ರಿ, ಸುತ್ತಿಗಿ ಬಡಿಯಾಕತ್ತಾರ."

ಸಪ್ಪಳ ನನಗೂ ಕೇಳುತ್ತಿತ್ತು. "ನಿನ್ನ ಅಕ್ಕಿ ಎಷ್ಟು, ಅದನ್ನು ಹೇಳು," ಎಂದೆ.

ಮರುದಿನದ ತಪಾಸಣೆ ಚೆನ್ನಾಗಿ ನಡೆಯಿತು. ಇಷ್ಟು ಅಚ್ಚುಕಟ್ಟಾದ ಪುಸ್ತಕಗಳನ್ನು ಅಪರೂಪಕ್ಕೆ ನೋಡುತ್ತೇವೆ ಎಂದು ಬರೆದು ಹೋದರು. ಸೋಮವಾರ ಹನ್ನೊಂದೂ ಮಕ್ಕಳು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದು ಸಾಲಿನಲ್ಲಿ ನಿಂತರು. ಕೊನೆಯ ಗಾಡಿಯಲ್ಲಿ ಮಾಣಿಕನಗರಕ್ಕೆ ಹೋಗಿ ಬಂದು ನನಗೂ ಪ್ರಸಾದ ತಂದಿದ್ದರು. ಅವರ ಹೆಸರನ್ನು ಮತ್ತೆ ಬರೆದುಕೊಂಡೆ. ಹೊಸ ನಂಬರು, ಹೊಸ ತಾರೀಖು, ಹೊಸ ದಾಖಲಾತಿ. ಇದರಿಂದ ಯಾರಿಗೂ ನಷ್ಟವಿಲ್ಲ ಎಂದುಕೊಂಡೆ.

ಯುಗಾದಿಯ ನಂತರ ರಸ್ತೆ ಅಗಲ ಮಾಡುವವರು ಬಂದು ಗಲ್ಲಿಯ ಗೋಡೆಗಳಿಗೆ ಕೆಂಪು ಗುರುತು ಹಾಕಿದರು. ಶೆಡ್ಡುಗಳೆಲ್ಲ ಹೋಗಬೇಕು. ಮೂರು ವರ್ಷ ಎಡೆಬಿಡದೆ ಅಲ್ಲಿಯೇ ಇದ್ದವರಿಗೆ ಊರ ಹೊರಗೆ ಮನೆಯ ಜಾಗ ಕೊಡುತ್ತಾರೆ ಎಂದಾಯಿತು. ಇದ್ದದ್ದಕ್ಕೆ ಕಾಗದ ಬೇಕು. ಆ ಆರು ಮನೆಯವರ ಬಳಿ ಏನಿತ್ತು? ರೇಷನ್ ಕಾರ್ಡು ರಾಜಸ್ಥಾನದ್ದು. ನೆಲದ ಮಾಲೀಕ ಬೇಮಳಖೇಡದವನು. ತನ್ನ ಪರಿಹಾರಕ್ಕೆ ತೊಡಕಾದೀತೆಂದು, ಇವರು ನನ್ನ ನೆಲದಲ್ಲಿ ಬಾಡಿಗೆಗೆ ಇರಲೇ ಇಲ್ಲ ಎಂದುಬಿಟ್ಟ. ಉಳಿದದ್ದು ಶಾಲೆಯ ಪುಸ್ತಕ ಒಂದೇ.

ಭವರ್‌ಲಾಲ್ ಬಂದ. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿ ತೋರಿಸಿದರೂ ಕೂರದೆ, ಬಾಗಿಲ ಚೌಕಟ್ಟಿಗೆ ಅಭ್ಯಾಸಬಲದಿಂದ ಕೈ ಸವರುತ್ತ ನಿಂತ.

"ಬೆಹನ್‌ಜಿ, ನಮ್ಮ ಸಂತೋಷಿ ಒಂದನೇ ಇಯತ್ತೆಯಿಂದ ಇಲ್ಲೇ ಕಲಿಯಾಕತ್ತಾಳ ಅಂತ ಒಂದು ಕಾಗದ ಬರದುಕೊಡ್ರಿ. ಆರೂ ಮನೀದು ಹಂಗೇ. ಅಷ್ಟಾದ್ರ ಜಾಗ ಸಿಗ್ತದ ಅಂದಾರ."

ಪುಸ್ತಕ ತೆಗೆದೆ. ಹಳೆಯ ಪುಟದಲ್ಲಿ ಸಂತೋಷಿಯ ಮೊದಲ ದಾಖಲಾತಿ ಇತ್ತು. ಅದರ ಮುಂದೆಯೇ ನನ್ನ ಷರಾ ಇತ್ತು: ಕುಟುಂಬ ಸ್ವಂತ ಊರಿಗೆ ಮರಳಿದೆ. ಆ ಪುಟ ತೋರಿಸಿದರೆ ಅವರು ಊರು ಬಿಟ್ಟು ಹೋಗಿದ್ದರೆಂದಾಗುತ್ತದೆ. ಹೊಸ ಪುಟ ತೋರಿಸಿದರೆ ನಾಲ್ಕು ತಿಂಗಳ ಹಿಂದೆ ಬಂದವರೆಂದಾಗುತ್ತದೆ. ದಾರಿ ಒಂದೇ ಇತ್ತು. ನನ್ನ ಷರಾ ಸುಳ್ಳು, ನಾನು ಹೋಗಿ ನೋಡಿರಲಿಲ್ಲ ಎಂದು ನಾನೇ ಒಂದು ಸಾಲು ಬರೆದು ಸಹಿ ಮಾಡಬೇಕಿತ್ತು.

ನಿವೃತ್ತಿಗೆ ಎರಡು ತಿಂಗಳು ಇತ್ತು. ಸನ್ಮಾನಕ್ಕೆ ಊರಿನವರು ಹಣ ಕೂಡಿಸುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಒಂದೇ ಒಂದು ತಿದ್ದುಪಡಿ ಇಲ್ಲದ ಪುಸ್ತಕಗಳು ಎಂದು ನನ್ನ ಹೆಸರಿತ್ತು.

"ಪುಸ್ತಕದಲ್ಲಿ ಏನಿದೆಯೋ ಅದನ್ನೇ ಬರೆಯಬಹುದು ಮಿಸ್ತ್ರಿ," ಎಂದೆ. "ಹೊಸ ದಾಖಲಾತಿ ಡಿಸೆಂಬರಿನದು."

"ಹಂಗ್ಯಾಕ್ರಿ? ನೀವೇ ಕಲಿಸೀರಲ್ರಿ ಆಕಿಗೆ. ನಿಮಗ ಗೊತ್ತದಲ್ಲ?"

"ನನಗೆ ಗೊತ್ತಿರುವುದು ಬೇರೆ. ಪುಸ್ತಕ ಬೇರೆ."

ಆತ ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಮೇಜಿನ ಅಂಚನ್ನು ಮುಟ್ಟಿ ನೋಡಿದ. "ಬೆಹನ್‌ಜಿ, ಇದಕ್ಕ ಮ್ಯಾಲಷ್ಟೇ ಪಾಲಿಶ್ ಹೊಡದಾರ. ತಳಕ್ಕ ಎಣ್ಣಿ ಕುಡಿಸಿಲ್ಲ. ನಾವು ಕಾಣದ ಬದಿಗೆ ಮೊದಲು ಎಣ್ಣಿ ಹಚ್ಚತೀವ್ರಿ, ಹುಳ ಬೀಳೋದು ಅಲ್ಲಿಂದನೇ," ಎಂದ. ಅದನ್ನು ಚುಚ್ಚಿ ಹೇಳಿದನೋ, ಬಡಗಿಯಾಗಿ ಸುಮ್ಮನೆ ಹೇಳಿದನೋ ನನಗೆ ಇವತ್ತಿಗೂ ತಿಳಿದಿಲ್ಲ. ಡಿಸೆಂಬರಿನ ದಾಖಲಾತಿಯ ಕಾಗದ ಬರೆದುಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು ಹೋದ.

ಆರು ಮನೆಗಳಲ್ಲಿ ಒಂದಕ್ಕೂ ಜಾಗ ಸಿಗಲಿಲ್ಲ. ಮೇ ತಿಂಗಳ ಬಿಸಿಲಲ್ಲಿ ಶೆಡ್ಡುಗಳು ನೆಲಕ್ಕೆ ಬಿದ್ದವು. ತಗಡು, ಉಳಿ, ಗರಗಸ, ಮಕ್ಕಳು ಎಲ್ಲ ಒಂದು ಬಾಡಿಗೆ ಟೆಂಪೋದಲ್ಲಿ ಹೋಯಿತು. ಎಷ್ಟೋ ಗಾಡಿ ಕಟ್ಟಿದವರು ಬೇರೆಯವರ ಗಾಡಿ ಕೇಳಿ ಹೋದರು. ನಾನು ಆ ದಿನ ಶಾಲೆಯಲ್ಲೇ ಇದ್ದೆ. ಪುಸ್ತಕಗಳನ್ನು ಮುಂದಿನವರಿಗೆ ಒಪ್ಪಿಸುವ ಪಟ್ಟಿ ಮಾಡುತ್ತಿದ್ದೆ. ಜೂನಿನಲ್ಲಿ ಸನ್ಮಾನವಾಯಿತು. ಶಾಲು ಹೊದಿಸಿಕೊಂಡೆ.

ಶ್ರಾವಣದ ಆ ಸೋಮವಾರಕ್ಕೆ ಮರಳುತ್ತೇನೆ.

ಹಲಗೆಯನ್ನು ಮನೆಯ ಪಡಸಾಲೆಯಲ್ಲಿ ನಿಲ್ಲಿಸಿದೆ. ಹನ್ನೊಂದೂವರೆಗೆ ಊಟ. ಹನ್ನೆರಡೂಕಾಲಿಗೆ ಬಸ್ಸು. ಕ್ರಾಸಿನಲ್ಲಿ ಇಳಿದಾಗ ಬಾಡಿ ಗಲ್ಲಿ ಇದ್ದಲ್ಲಿ ರಸ್ತೆಯೇ ಇತ್ತು. ಕಬ್ಬಿಣದ ಬಾಡಿಯ ಲಾರಿಗಳು ನಿಲ್ಲದೆ ಹೋಗುತ್ತಿದ್ದವು.

ಈಗಿನ ಹೆಡ್‌ಮಾಸ್ಟರ್ ಶರಣಪ್ಪ ಚಿಕ್ಕ ವಯಸ್ಸಿನವರು. ಎದ್ದು ನಿಂತು ಕುರ್ಚಿ ಕೊಟ್ಟರು. ಆ ವರ್ಷದ ಪುಸ್ತಕ ನೋಡಬೇಕೆಂದೆ. ಕಪಾಟಿನಲ್ಲಿ ಅದು ನಾನು ಇಟ್ಟ ಜಾಗದಲ್ಲೇ ಇತ್ತು. ನನ್ನ ಅಕ್ಷರ ಎಷ್ಟು ಚೆಂದವಿತ್ತೆಂದರೆ ನೋಡಲಾಗಲಿಲ್ಲ.

ಮನೆಯಿಂದಲೇ ಬರೆದು ತಂದಿದ್ದ ಹಾಳೆಯನ್ನು ಅವರ ಮುಂದಿಟ್ಟೆ. ಹನ್ನೊಂದು ಹೆಸರು, ಹಲಗೆಯ ಮೇಲಿದ್ದ ಕ್ರಮದಲ್ಲೇ. ಕೆಳಗೆ: 'ಈ ಮಕ್ಕಳ ಹೆಸರಿನ ಮುಂದೆ ನಾನು ಬರೆದ ಷರಾ ಸುಳ್ಳು. ನಾನು ಮನೆ ಭೇಟಿ ಮಾಡಿರಲಿಲ್ಲ. ಈ ಕುಟುಂಬಗಳು ಊರು ಬಿಟ್ಟು ಹೋಗಿರಲಿಲ್ಲ.' ತಾರೀಖು, ಸಹಿ.

ಶರಣಪ್ಪ ಎರಡು ಸಲ ಓದಿದರು. "ಇದರಿಂದ ಈಗ ಯಾರಿಗೆ ಏನು ಉಪಯೋಗ್ರಿ ಮೇಡಂ? ಅವರು ಎಲ್ಲಿದ್ದಾರೋ. ನಿಮ್ಮ ಹೆಸರು ಯಾಕ ಕೆಡಿಸ್ಕೋತೀರಿ?"

"ಯಾರಿಗೂ ಉಪಯೋಗವಿಲ್ಲ. ನೀವು ಇದನ್ನು ತೆಗೆದುಕೊಂಡು ನಂಬರು ಹಾಕಿರಿ. ಆ ಪುಟಕ್ಕೆ ಲಗತ್ತಿಸಿರಿ."

ಶಿವಮ್ಮ ಚಹಾ ತಂದಳು. ಕೂದಲು ಬೆಳ್ಳಗಾಗಿದೆ, ನಡೆ ಅದೇ. ಶರಣಪ್ಪ ಬಾಯಿಬಿಡುವ ಮೊದಲೇ ನಾನು ಬಂದ ಕಾರಣ ಅವಳಿಗೆ ಹೇಳಿದೆ. ಸಮಾಧಾನದ ಮಾತು ಬಂದೀತೆಂದು ಒಳಗೊಳಗೆ ಕಾದಿದ್ದೆನೇನೋ.

"ನಾ ಆಗೇ ಹೇಳಿದ್ನಲ್ರಿ," ಎಂದಳು. "ಆ ಪೋರಿ ಹೋಗೋ ದಿನ ನನ್ನ ಹಂತ್ಯಾಕ ಬಂದು ಕೇಳಿದ್ಲು. ಮೇಡಂ ಬೋರ್ಡಿನ ಮ್ಯಾಲ ಇನ್ನ ಯಾರು ಬರೀತಾರ ಅಂತ. ನಾ ಏನ್ ಹೇಳಲ್ರಿ?" ಚಹಾದ ಲೋಟ ಇಟ್ಟು ಹೊರಗೆ ಹೋದಳು.

ಶರಣಪ್ಪ ನಂಬರು ಹಾಕಿದರು. ಹಾಳೆಗೆ ಅಂಟು ಹಚ್ಚಿ ಪುಟಕ್ಕೆ ಹಚ್ಚಿದರು. ಒಂದು ಪ್ರತಿಗೆ ಮುದ್ರೆ ಒತ್ತಿ ನನಗೆ ಕೊಟ್ಟರು. ಅಂಟು ಒಣಗುವವರೆಗೆ ಕುಳಿತು ಪುಸ್ತಕ ಮುಚ್ಚಿ ಬಂದೆ.

ಮರಳುವಾಗ ಹುಮನಾಬಾದ್ ಪೇಟೆಯಲ್ಲಿ ಅರ್ಧ ಲೀಟರ್ ಅಗಸೆ ಎಣ್ಣೆ ತೆಗೆದುಕೊಂಡೆ. ಮನೆಗೆ ಬಂದು ಕೈಕಾಲು ತೊಳೆದು ಹಲಗೆಯನ್ನು ಎರಡು ಸ್ಟೂಲುಗಳ ಮೇಲೆ ಮಲಗಿಸಿದೆ, ಬರಹದ ಬದಿ ಮೇಲಕ್ಕೆ. ಹಳೆಯ ಹತ್ತಿ ಸೀರೆಯ ತುಂಡು ಅದ್ದಿ ಆ ಬದಿಗೆ ಮೊದಲು ಹಚ್ಚಿದೆ. ಒಣಗಿದ್ದ ಕಟ್ಟಿಗೆ ಹಚ್ಚಿದಷ್ಟೂ ಕುಡಿಯಿತು. ಹೆಸರುಗಳ ಮೇಲೆ ಒತ್ತದೆ, ಒಂದೊಂದೇ ಸಾಲು ಬಿಡದೆ, ಕೊನೆಯ ಸಾಲಿನವರೆಗೆ ಹಚ್ಚಿದೆ. ಆಮೇಲೆ ಮಗುಚಿ ಇನ್ನೊಂದು ಬದಿ.

ಆ ಹಲಗೆ ನನ್ನ ಗೋಡೆಯ ಅಳತೆಗಿಂತ ಮೂರು ಅಡಿ ಉದ್ದವಿದೆ. ಪುಸ್ತಕಗಳು ನೆಲದ ಮೇಲೆಯೇ ಇರಲಿ. ಬಟ್ಟೆಯನ್ನು ಸೋಪು ಹಾಕಿ ತೊಳೆದು ತಂತಿಗೆ ಹಾಕಿದೆ. ಆಗ ಸಂಜೆ ಆರು ಗಂಟೆ ಹತ್ತು ನಿಮಿಷ.